ವರದಿಗಳೆಲ್ಲ ಸರಿ, ಆದರೂ ಮಗುವಿಗೆ ಹೊಟ್ಟೆನೋವು: ತಂದೆತಾಯಂದಿರು ಏನು ಮಾಡಬೇಕು?

"ಫಾದರ್, ನಾಲ್ಕು ತಿಂಗಳಾಯಿತು. ಬೆಳಿಗ್ಗೆ ಎದ್ದ ಕೂಡಲೇ ಹೊಟ್ಟೆನೋವು ಎನ್ನುತ್ತಾನೆ. ರಕ್ತ, ಮೂತ್ರ, ಸ್ಕ್ಯಾನಿಂಗ್ ಎಲ್ಲ ಆಯಿತು. ಡಾಕ್ಟರು ಏನೂ ಇಲ್ಲ ಎನ್ನುತ್ತಾರೆ. ಒಮ್ಮೆ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ." ಭಾನುವಾರದ ಬಲಿಪೂಜೆಯ ನಂತರ ಚರ್ಚ್ ಅಂಗಳದಲ್ಲಿ ಹೀಗೆ ಹೇಳಿಕೊಳ್ಳುವ ತಾಯಂದಿರು ಕಡಿಮೆಯೇನಲ್ಲ. ಹಲವು ವರ್ಷಗಳ ಹಿಂದೆ ಹೀಗೆ ಬಂದ ತಾಯಿಯೊಬ್ಬರಿಗೆ ನಾನು, "ಶಾಲೆ ತಪ್ಪಿಸುವ ಉಪಾಯ ಇರಬೇಕು, ಸ್ವಲ್ಪ ಗದರಿಸಿ" ಎಂದುಬಿಟ್ಟಿದ್ದೆ. ಪಕ್ಕದಲ್ಲೇ ನಿಂತಿದ್ದ ನಾಲ್ಕನೇ ತರಗತಿಯ ಹುಡುಗ ತಲೆ ತಗ್ಗಿಸಿದ. ಆ ಬಳಿಕ ಅವನು ನನ್ನೆದುರು ನೋವಿನ ಮಾತೆತ್ತಲಿಲ್ಲ. ಆದರೆ ನೋವು ಹೋಗಿರಲಿಲ್ಲ. ನಾನು ಹೇಳಿದ್ದು ತಪ್ಪೆಂದು ಮುಂದೆ ಮಕ್ಕಳ ವೈದ್ಯರೊಬ್ಬರು ತಿಳಿಸಿಕೊಟ್ಟರು. ಅವರಿಂದ ಕಲಿತದ್ದನ್ನೂ ನಂತರ ಓದಿ ತಿಳಿದದ್ದನ್ನೂ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಇದು ನಟನೆಯಲ್ಲ

1958ರಲ್ಲಿ ಇಂಗ್ಲೆಂಡಿನ ಜಾನ್ ಆಪ್ಲೆ ಮತ್ತು ನೋರಾ ನೇಶ್ ಎಂಬ ವೈದ್ಯರು ಸಾವಿರ ಶಾಲಾ ಮಕ್ಕಳ ಅಧ್ಯಯನವನ್ನು ಪ್ರಕಟಿಸಿದರು. ಸುಮಾರು ಹತ್ತರಲ್ಲಿ ಒಂದು ಮಗುವಿಗೆ ಮರಳಿ ಮರಳಿ ಬರುವ ಹೊಟ್ಟೆನೋವು ಇತ್ತು. ಅಂಥ ಹೆಚ್ಚಿನ ಮಕ್ಕಳಲ್ಲಿ ಪರೀಕ್ಷೆಯಿಂದ ಕಂಡುಹಿಡಿಯುವಂಥ ರೋಗ ಇರುವುದಿಲ್ಲ. ಈ ತೊಂದರೆಯನ್ನು ವೈದ್ಯರು ಇಂದು 'ಫಂಕ್ಷನಲ್' ಹೊಟ್ಟೆನೋವು ಎಂದು ಕರೆಯುತ್ತಾರೆ. ಅಂದರೆ ಅಂಗಕ್ಕೆ ಗಾಯವಾಗಿಲ್ಲ, ಬಾವು ಬಂದಿಲ್ಲ. ಅದು ಕೆಲಸ ಮಾಡುವ ರೀತಿಯಲ್ಲಿ ವ್ಯತ್ಯಾಸವಾಗಿದೆ. ಡಾಕ್ಟರು "ಏನೂ ಇಲ್ಲ" ಎಂದರೆ ಅಪಾಯಕಾರಿ ರೋಗವಿಲ್ಲ ಎಂದರ್ಥ, ನೋವಿಲ್ಲ ಎಂದಲ್ಲ.

ನಮ್ಮ ಕರುಳಿನ ಗೋಡೆಯಲ್ಲಿ ಹತ್ತು ಕೋಟಿಗೂ ಹೆಚ್ಚು ನರಕೋಶಗಳ ಜಾಲವಿದೆ. ಅದು ಮಿದುಳಿನೊಂದಿಗೆ ಸದಾ ಸಂಪರ್ಕದಲ್ಲಿರುತ್ತದೆ. ಕೆಲವು ಮಕ್ಕಳಲ್ಲಿ, ಕೆಲವೊಮ್ಮೆ ಒಂದು ಭೇದಿ ಅಥವಾ ಸೋಂಕಿನ ನಂತರ, ಈ ನರಗಳು ಅತಿಸೂಕ್ಷ್ಮವಾಗುತ್ತವೆ. ರೇಡಿಯೋದ ಸದ್ದು ಹೆಚ್ಚಿಸಿದರೆ ಪಿಸುಮಾತೂ ಕೂಗಿದಂತೆ ಕೇಳುವುದಿಲ್ಲವೇ? ಹಾಗೆಯೇ ಇತರರ ಗಮನಕ್ಕೇ ಬಾರದ ವಾಯು, ಊಟದ ನಂತರ ಕರುಳು ಹಿಗ್ಗುವುದು ಇವೆಲ್ಲ ಈ ಮಕ್ಕಳಿಗೆ ನೋವಾಗಿ ತಿಳಿಯುತ್ತವೆ. ಹೆದರಿಕೆ, ಪರೀಕ್ಷೆಯ ಚಿಂತೆ, ನಿದ್ದೆಗೇಡು ಆ ಸದ್ದನ್ನು ಇನ್ನಷ್ಟು ಏರಿಸುತ್ತವೆ.

ಮೊದಲು ವೈದ್ಯರ ಬಳಿಗೆ

ಆದರೆ ಎಲ್ಲ ಹೊಟ್ಟೆನೋವನ್ನೂ ಹೀಗೆಂದು ಮನೆಯಲ್ಲೇ ತೀರ್ಮಾನಿಸಬಾರದು. ತೂಕ ಇಳಿಯುವುದು, ಬೆಳವಣಿಗೆ ನಿಲ್ಲುವುದು, ಮಲದಲ್ಲಿ ರಕ್ತ, ಕಾರಣ ತಿಳಿಯದ ಜ್ವರ, ನಿಲ್ಲದ ವಾಂತಿ ಅಥವಾ ಭೇದಿ, ನುಂಗಲು ಕಷ್ಟ, ಗಾಢ ನಿದ್ದೆಯಿಂದ ಎಬ್ಬಿಸುವ ನೋವು, ಹೊಟ್ಟೆಯ ಬಲಭಾಗದಲ್ಲೇ ನಿಲ್ಲುವ ನೋವು ಇವುಗಳಲ್ಲಿ ಒಂದಿದ್ದರೂ ಕೂಡಲೇ ವೈದ್ಯರಿಗೆ ತೋರಿಸಬೇಕು. ಹಸಿರು ಬಣ್ಣದ ವಾಂತಿಯಾದರೆ ಅಥವಾ ಹೊಟ್ಟೆ ಕಲ್ಲಿನಂತೆ ಗಟ್ಟಿಯಾದರೆ ಬೆಳಗಾಗುವವರೆಗೆ ಕಾಯಬಾರದು.

ಜಂತುಹುಳು, ಮೂತ್ರದ ಸೋಂಕು, ಮಲಬದ್ಧತೆ ಇವೂ ನೋವಿಗೆ ಕಾರಣವಾಗಬಹುದು. ಶಾಲೆಯ ಶೌಚಾಲಯ ಗಲೀಜಾಗಿದೆಯೆಂದು ಸಂಜೆಯವರೆಗೆ ತಡೆದುಕೊಳ್ಳುವ ಮಕ್ಕಳೆಷ್ಟಿಲ್ಲ? ಅವರಿಗೆ ಮಲಬದ್ಧತೆಯಾಗುವುದು ಸಹಜ. ನಮ್ಮ ಶಾಲಾ ಆಡಳಿತ ಮಂಡಳಿಗಳು ಈ ಮಾತನ್ನು ಗಮನಿಸಬೇಕು. ಶುಚಿಯಾದ ಶೌಚಾಲಯವೂ ಮಕ್ಕಳ ಸೇವೆಯೇ.

ವೈದ್ಯರು ಚೆನ್ನಾಗಿ ಪರೀಕ್ಷಿಸಿ ಗಂಭೀರ ರೋಗವಿಲ್ಲ ಎಂದ ಮೇಲೆ, ಹೊಸ ಲಕ್ಷಣಗಳಿಲ್ಲದೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವುದು ಬೇಡ. ಮತ್ತೆ ಮತ್ತೆ ಸ್ಕ್ಯಾನಿಂಗ್ ಮಾಡಿಸಿದರೆ ಹಣ ಖರ್ಚಾಗುವುದು ಮಾತ್ರವಲ್ಲ, ತನಗೇನೋ ದೊಡ್ಡ ಕಾಯಿಲೆಯಿದೆ ಎಂಬ ಹೆದರಿಕೆ ಮಗುವಿನಲ್ಲಿ ಬೇರೂರುತ್ತದೆ.

ಮನೆಯಲ್ಲಿ ಮಾಡಬಹುದಾದದ್ದು

ಮೊದಲನೆಯದಾಗಿ ನಂಬಿರಿ. "ನಿನಗೆ ನೋವಾಗುತ್ತಿದೆ ಎಂದು ನಮಗೆ ಗೊತ್ತು. ಇದು ಅಪಾಯದ ನೋವಲ್ಲ, ನಿಧಾನವಾಗಿ ಕಡಿಮೆಯಾಗುತ್ತದೆ" ಎಂದು ಶಾಂತವಾಗಿ ಹೇಳಿರಿ. ತನ್ನನ್ನು ಯಾರೂ ನಂಬುವುದಿಲ್ಲ ಎಂಬ ದುಃಖ ನೋವನ್ನು ಇಮ್ಮಡಿಸುತ್ತದೆ.

ಎರಡನೆಯದಾಗಿ, ಗಂಟೆಗೊಮ್ಮೆ "ಈಗ ಹೇಗಿದೆ?" ಎಂದು ಕೇಳಬೇಡಿ. ಅಮೆರಿಕದ ಲಿನ್ ವಾಕರ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಮಕ್ಕಳಿಗೆ ಹೊಟ್ಟೆ ತುಂಬ ನೀರು ಕುಡಿಸಲಾಯಿತು. ತಂದೆತಾಯಂದಿರು ನೋವಿನ ಬಗ್ಗೆಯೇ ವಿಚಾರಿಸುತ್ತಾ ಕುಳಿತಾಗ ಮಕ್ಕಳ ದೂರು ಹೆಚ್ಚಿತು. ಬೇರೆ ಮಾತಿಗೆ ಎಳೆದಾಗ ಕಡಿಮೆಯಾಯಿತು. ಹಾಗೆ ಮಾತು ಬದಲಿಸಿದರೆ ಮಗುವಿಗೆ ಬೇಸರವಾದೀತು ಎಂಬ ಅಳುಕು ಹೆತ್ತವರಿಗಿತ್ತು. ಆದರೆ ನೋವಿನ ತೊಂದರೆಯಿದ್ದ ಮಕ್ಕಳೇ ಅದರಿಂದ ಹಾಯೆನಿಸಿತು ಎಂದರು.

ಮೂರನೆಯದಾಗಿ, ನೋವು ಪೂರ್ತಿ ಹೋಗಲಿ, ಆಮೇಲೆ ಶಾಲೆ ಎಂದು ಕಾಯಬೇಡಿ. ವಾರಗಟ್ಟಲೆ ಮನೆಯಲ್ಲಿದ್ದ ಮಗುವಿಗೆ ಶಾಲೆಯೇ ಭಯವಾಗಿಬಿಡುತ್ತದೆ. ಟೀಚರರೊಡನೆ ಮಾತನಾಡಿ ಬೇಕಾದರೆ ಅರ್ಧ ದಿನದಿಂದ ಆರಂಭಿಸಿರಿ. ನೋವು ಬಂದಾಗ ಐದು ನಿಮಿಷ ಸುಮ್ಮನೆ ಕುಳಿತು, ನಿಧಾನವಾಗಿ ಉಸಿರಾಡಿ, ನೀರು ಕುಡಿದು ಮತ್ತೆ ತರಗತಿಗೆ ಹೋಗಲು ಅನುಕೂಲ ಮಾಡಿಕೊಡಲಿ. ಮನೆಯಲ್ಲಿ ಉಳಿದ ದಿನ ಟಿವಿ, ಮೊಬೈಲಿನ ಹಬ್ಬವಾಗದಿರಲಿ.

ನಾಲ್ಕನೆಯದಾಗಿ, ದಿನಚರಿ. ಬೆಳಿಗ್ಗೆ ತಿಂಡಿಯ ನಂತರ ಹತ್ತು ನಿಮಿಷ ಅವಸರವಿಲ್ಲದೆ ಶೌಚಾಲಯದಲ್ಲಿ ಕೂರಿಸಿ. ಸಾಕಷ್ಟು ನೀರು, ಹಣ್ಣು, ತರಕಾರಿ, ಆಟ, ನಿದ್ದೆ ಇರಲಿ. ಮೀನು ಬೇಡ, ಹಾಲು ಬೇಡ, ಬರೀ ಗಂಜಿ ಸಾಕು ಎಂದು ವೈದ್ಯರನ್ನು ಕೇಳದೆ ಒಂದೊಂದೇ ಆಹಾರ ನಿಲ್ಲಿಸುತ್ತಾ ಹೋದರೆ ಮಗು ಸೊರಗುತ್ತದೆ. ಅಂಗಡಿಯಿಂದ ನೋವಿನ ಮಾತ್ರೆ ತಂದು ದಿನವೂ ಕೊಡಬೇಡಿ. ಅವುಗಳಲ್ಲಿ ಕೆಲವು ಹೊಟ್ಟೆಯನ್ನೇ ಕೆಡಿಸುತ್ತವೆ.

ಐದನೆಯದಾಗಿ, ಮಗುವಿನ ಮನಸ್ಸನ್ನು ಆಲಿಸಿರಿ. ನೋವು ಯಾವ ವಾರ, ಯಾವ ಹೊತ್ತಿಗೆ ಬರುತ್ತದೆ? ಬಸ್ಸಿನಲ್ಲಿ ಯಾರಾದರೂ ಹೀಯಾಳಿಸುತ್ತಾರೆಯೇ? ಮನೆಯಲ್ಲಿ ಜಗಳವೇ? ರಜೆ ಮುಗಿಸಿ ಅಪ್ಪ ಗಲ್ಫಿಗೆ ಮರಳಿದ ಮೇಲೆ ಆರಂಭವಾಯಿತೇ? ಒಬ್ಬ ವ್ಯಕ್ತಿಯ ಹೆಸರು ಕೇಳಿದರೇ ಮಗು ಬೆದರಿದರೆ, ಆ ವ್ಯಕ್ತಿ ಎಷ್ಟೇ ಗೌರವಸ್ಥರಾಗಿರಲಿ, ಮಗುವಿನ ಮಾತನ್ನೇ ಮೊದಲು ಕೇಳಿರಿ. ಮಕ್ಕಳ ಸಹಾಯವಾಣಿ 1098ಕ್ಕೆ ಉಚಿತವಾಗಿ ಕರೆ ಮಾಡಬಹುದು. ಯಾವ ಭಯವೂ ಇಲ್ಲದ ಮಕ್ಕಳಿಗೂ ಈ ನೋವು ಬರುತ್ತದೆ ಎಂಬುದನ್ನೂ ಮರೆಯಬಾರದು. ನೋವು ಮುಂದುವರಿದರೆ ಮಕ್ಕಳ ಆಪ್ತಸಮಾಲೋಚಕರ ನೆರವು ಪಡೆಯಿರಿ. ನೋವನ್ನು ನಿಭಾಯಿಸುವುದನ್ನು ಕಲಿಸುವ ಇಂತಹ ಚಿಕಿತ್ಸೆಯಿಂದ ಅನೇಕ ಮಕ್ಕಳಿಗೆ ಪ್ರಯೋಜನವಾಗಿದೆ. ಸಮಾಲೋಚಕರ ಬಳಿ ಹೋದರೆ ಮಗುವಿಗೆ ತಲೆಕೆಟ್ಟಿದೆ ಎಂದರ್ಥವಲ್ಲ.

ಪ್ರಾರ್ಥನೆಯ ಸ್ಥಾನ

ಪ್ರಾರ್ಥಿಸಿರಿ, ಖಂಡಿತ ಪ್ರಾರ್ಥಿಸಿರಿ. ಆದರೆ ನಿನ್ನ ಪಾಪಕ್ಕೆ ಶಿಕ್ಷೆ, ನಿನಗೆ ವಿಶ್ವಾಸ ಸಾಲದು ಎಂಬ ಮಾತು ಮಗುವಿನ ಕಿವಿಗೆ ಬೀಳದಿರಲಿ. ಮಾರ್ಕನ ಶುಭಸಂದೇಶದ 5ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಯಾಯೀರನ ಹನ್ನೆರಡು ವರ್ಷದ ಮಗಳನ್ನು ಕೈಹಿಡಿದು ಎಬ್ಬಿಸುತ್ತಾರೆ. ಗದ್ದಲ ಮಾಡುತ್ತಿದ್ದವರನ್ನು ಅದಕ್ಕೆ ಮೊದಲೇ ಹೊರಗೆ ಕಳುಹಿಸಿರುತ್ತಾರೆ. ಕೊನೆಯಲ್ಲಿ ಅವರು ಹೇಳುವುದು, ಅವಳಿಗೆ ತಿನ್ನಲು ಏನಾದರೂ ಕೊಡಿ ಎಂದು. ಗದ್ದಲವಿಲ್ಲ, ಕೈಹಿಡಿಯುವ ಒಬ್ಬರಿದ್ದಾರೆ, ಬಳಿಕ ಎಂದಿನ ಊಟ, ಎಂದಿನ ಬದುಕು. ನೋವಿನಲ್ಲಿರುವ ನಮ್ಮ ಮಕ್ಕಳಿಗೂ ಬೇಕಾಗಿರುವುದು ಇದೇ.

ಅಂದು ತಲೆ ತಗ್ಗಿಸಿದ ಆ ಹುಡುಗನ ಕ್ಷಮೆ ಕೇಳಲು ಮುಂದೆ ನನಗೆ ಅವಕಾಶ ಸಿಕ್ಕಿತು. ಅವನು ನಕ್ಕುಬಿಟ್ಟ. ನಿಮ್ಮ ಮಗು ನಾಳೆ ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡು ಬಂದರೆ, ಗದರಿಸುವ ಮೊದಲು ಹತ್ತಿರ ಕೂರಿಸಿಕೊಳ್ಳಿ.