ಕಾಯಕದ ಉಪಕರಣ: ಹೆಸರು, ಬೆಲೆ ಮತ್ತು ಸತ್ಯ

ಬಸವಾದಿ ಶರಣರು ಕಾಯಕಕ್ಕೆ ಕೊಟ್ಟ ಘನತೆಯು ಕಾಯಕದ ಉಪಕರಣಕ್ಕೂ ಸಲ್ಲುತ್ತದೆ. ಮೇದಾರ ಕೇತಯ್ಯನ ಬಿದಿರು ಸೀಳುವ ಕತ್ತಿ, ಜೇಡರ ದಾಸಿಮಯ್ಯನ ಮಗ್ಗ, ನುಲಿಯ ಚಂದಯ್ಯನು ಹುಲ್ಲು ಕೊಯ್ಯುತ್ತಿದ್ದ ಕುಡಗೋಲು, ಇವೆಲ್ಲ ದಾಸೋಹಕ್ಕೆ ಮೂಲವಾದ ಸಾಧನಗಳು. ನಮ್ಮ ಭಾಗದಲ್ಲಿ ಖಂಡೆಪೂಜೆಯಂದು ಬಾಚಿ, ಉಳಿ, ಕುಡಗೋಲುಗಳನ್ನು ತೊಳೆದು, ವಿಭೂತಿ ಹಚ್ಚಿ, ಹೂವೇರಿಸುವ ರೂಢಿಯು ಈ ಭಾವದಿಂದಲೇ ಉಳಿದು ಬಂದಿದೆ. ಈಗ ಆ ಸಾಲಿನಲ್ಲಿ ಡ್ರಿಲ್ ಮಷಿನ್ನು, ಕಬ್ಬಿಣ ಕೊಯ್ಯುವ ಗ್ರೈಂಡರು, ಕಲ್ಲು ಕೊಯ್ಯುವ ಕಟ್ಟರುಗಳೂ ಬಂದು ಕುಳಿತಿವೆ. ಇವುಗಳನ್ನು ಕೊಳ್ಳುವಾಗ ಯಾವುದು ಯುಕ್ತ, ಯಾವುದು ಅಯುಕ್ತ ಎಂಬ ವಿಚಾರವೂ ಗೃಹಸ್ಥ ಧರ್ಮದ ಒಂದು ಭಾಗವೇ ಆಗಿದೆ.

ಕೃಷ್ಣೆಯ ದಂಡೆಯ ಸತ್ತಿಯಂಥ ಊರುಗಳಲ್ಲಿ ಇದು ದಿನನಿತ್ಯದ ಪ್ರಶ್ನೆ. 2019ರ ಮಹಾಪೂರದ ತರುವಾಯ ಈ ದಂಡೆಯಲ್ಲಿ ಎಷ್ಟೋ ಮನೆಗಳನ್ನು ಹೊಸದಾಗಿ ಕಟ್ಟಬೇಕಾಯಿತು. ಕಿಟಕಿ, ಬಾಗಿಲು, ತಗಡಿನ ಮಾಡು, ಕಬ್ಬಿನ ಟ್ರೇಲರಿನ ದುರಸ್ತಿ, ಎಲ್ಲಕ್ಕೂ ವೆಲ್ಡಿಂಗ್ ಅಂಗಡಿಯೇ ಗತಿ. ಐಟಿಐ ಮುಗಿಸಿದ ಮಗನು ಅಂತಹ ಅಂಗಡಿ ಇಡಬೇಕೆನ್ನುತ್ತಾನೆ. ತಂದೆಯು ಕಬ್ಬಿನ ಬಿಲ್ಲಿನಲ್ಲಿ ಒಂದಿಷ್ಟು ಎತ್ತಿಟ್ಟಿರುತ್ತಾನೆ. ಅಥಣಿಯ ಅಂಗಡಿಯಲ್ಲಿ ಎರಡು ಗ್ರೈಂಡರುಗಳನ್ನು ಮುಂದಿಡುತ್ತಾರೆ. ಬಣ್ಣ, ಆಕಾರ, ಹಿಡಿಕೆ ಎಲ್ಲ ಒಂದೇ. ಹೆಸರಾದ ಕಂಪನಿಯದಕ್ಕೆ 3,000 ರೂಪಾಯಿ, ಅದನ್ನೇ ಹೋಲುವ ಲೋಕಲ್ ಮಾಲಿಗೆ 1,400 ಎಂದು ಲೆಕ್ಕಕ್ಕೆ ಹಿಡಿಯೋಣ. "ಅಪ್ಪಾ, ಕಂಪನಿದs ಇರಲಿ" ಎಂದು ಮಗ. "ಎರಡೂ ತಿರಗೂದು ಒಂದs ಅಲ್ಲೇನೋ ತಮ್ಮಾ" ಎಂದು ತಂದೆ. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿದೆ.

ಅನುಕರಣೆ ದೋಷವೇ?

ಹೋಲಿಕೆಯ ಯಂತ್ರವನ್ನು ಕೊಳ್ಳುವುದೇ ಪಾಪವೆಂದು ಕೆಲವರು ಭಾವಿಸುತ್ತಾರೆ. ಇತಿಹಾಸವು ಹಾಗೆ ಹೇಳುವುದಿಲ್ಲ. ಈ ಗ್ರೈಂಡರನ್ನು ಮೊದಲು ಮಾರುಕಟ್ಟೆಗೆ ತಂದದ್ದು ಜರ್ಮನಿಯ ಫ್ಲೆಕ್ಸ್ ಸಂಸ್ಥೆ, 1954ರಲ್ಲಿ. ಅಲ್ಲಿಯ ಜನರು ಇಂದಿಗೂ ಈ ಯಂತ್ರವನ್ನು ಫ್ಲೆಕ್ಸ್ ಎಂದೇ ಕರೆಯುತ್ತಾರೆ. ಇಂದು ನಾವು ದೊಡ್ಡ ಹೆಸರೆಂದು ತಿಳಿದಿರುವ ಬಾಷ್, ಮಕಿಟಾ ಸಂಸ್ಥೆಗಳೂ ಅದೇ ಬಗೆಯ ಯಂತ್ರವನ್ನು ತಮ್ಮ ತಮ್ಮ ಹೆಸರಿನಲ್ಲಿ ಮಾಡಿ ಮಾರುತ್ತಿವೆ. ಹೊಸ ಶೋಧನೆಗೆ ಪೇಟೆಂಟ್ ರಕ್ಷಣೆಯು ನಮ್ಮ ದೇಶದಲ್ಲಿ 20 ವರ್ಷ. ಅವಧಿ ಮುಗಿದ ಮೇಲೆ ಆ ವಿದ್ಯೆಯು ಲೋಕದ ಸೊತ್ತು.

ನಮ್ಮ ಜಿಲ್ಲೆಯದೇ ನಿದರ್ಶನವಿದೆ. ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ, ಮೇವು ಕತ್ತರಿಸುವ ಯಂತ್ರ ಹಾಗೂ ಕಬ್ಬಿಣದ ನೇಗಿಲುಗಳನ್ನು ಮಾಡತೊಡಗಿದರು. ಕಬ್ಬಿಣ ತಗುಲಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ಮೊದಲು ಹಿಂಜರಿದರು. 1910ರಲ್ಲಿ ಔಂಧ ಸಂಸ್ಥಾನದಲ್ಲಿ ಕಿರ್ಲೋಸ್ಕರವಾಡಿ ಸ್ಥಾಪನೆಯಾಯಿತು. ಕಬ್ಬಿಣದ ನೇಗಿಲು ಅವರು ಕಂಡುಹಿಡಿದುದಲ್ಲ. ಪರದೇಶದಲ್ಲಿ ಮೊದಲೇ ಇದ್ದಿತು. ಆದರೆ ಅವರು ತಮ್ಮ ನೇಗಿಲಿಗೆ ತಮ್ಮದೇ ಹೆಸರನ್ನಿಟ್ಟರು, ಆ ಹೆಸರಿಗೆ ತಾವೇ ಹೊಣೆಯಾದರು. ಅಂದಿನ ಹೊಸ ಮಾಲು ಮುಂದೆ ನಂಬಿಕೆಯ ಹೆಸರಾಯಿತು.

ಶರಣ ಸಾಹಿತ್ಯವನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿಯುವ ವಿಷಯ. ವಚನವೆಂಬ ರೂಪವು ಎಲ್ಲ ಶರಣರಿಗೂ ಒಂದೇ. ಅಂಕಿತ ಮಾತ್ರ ಬೇರೆ ಬೇರೆ. ಬಸವಣ್ಣನವರದು ಕೂಡಲಸಂಗಮದೇವ, ಅಲ್ಲಮಪ್ರಭುವಿನದು ಗುಹೇಶ್ವರ, ಅಕ್ಕನದು ಚೆನ್ನಮಲ್ಲಿಕಾರ್ಜುನ. ಒಬ್ಬರಿಂದೊಬ್ಬರು ಕಲಿತರು, ಆದರೆ ಆಡಿದ ಮಾತಿಗೆ ತಮ್ಮ ಅಂಕಿತವನ್ನೇ ಇಟ್ಟರು. ಬೇರೆಯವರ ಅಂಕಿತವಿಟ್ಟು ಸೇರಿಸಿದ ರಚನೆಗಳನ್ನು ಪ್ರಕ್ಷಿಪ್ತವೆಂದು ವಿದ್ವಾಂಸರು ಬೇರ್ಪಡಿಸುತ್ತಾರೆ. ಯಂತ್ರಕ್ಕೂ ಇದೇ ನ್ಯಾಯ. ತನ್ನ ಹೆಸರು, ವಿಳಾಸಗಳನ್ನು ಹೊತ್ತ ಅಗ್ಗದ ಯಂತ್ರವು ಪ್ರಾಮಾಣಿಕ ಮಾಲು. ಹೆಸರಾದ ಕಂಪನಿಯ ಮುದ್ರೆಯನ್ನು ಕದ್ದು ಅಂಟಿಸಿದ್ದು, ಅಥವಾ ಒಂದಕ್ಷರ ತಿರುಚಿ ಕಣ್ಣಿಗೆ ಮೋಸಮಾಡುವುದು ಕಳ್ಳಮಾಲು. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ ಪ್ರಕಾರ ಸುಳ್ಳು ಮುದ್ರೆ ಒತ್ತುವುದು ಜೈಲುಶಿಕ್ಷೆಗೆ ಗುರಿಯಾಗುವ ಅಪರಾಧ. ಮೊದಲನೆಯದನ್ನು ನಿಸ್ಸಂಕೋಚವಾಗಿ ಪರಿಶೀಲಿಸಬಹುದು, ಎರಡನೆಯದನ್ನು ಮುಟ್ಟಲಾಗದು.

ಅಗತ್ಯವೇ ಅಳತೆ

ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನು ಅದನ್ನು ಮರಳಿ ಸುರಿದು ಬರಲು ಹೇಳಿದ ಪ್ರಸಂಗವು ಸರ್ವವಿದಿತ. ಆ ಅಳತೆಯನ್ನೇ ಇಲ್ಲಿಯೂ ಹಿಡಿಯಬೇಕು. ವರ್ಷದಲ್ಲಿ ನಾಲ್ಕು ದಿನ ಕೊಟ್ಟಿಗೆಯ ಪೈಪು ಕೊಯ್ಯುವ ಮನೆಗೆ 1,400 ರೂಪಾಯಿಯ ಯಂತ್ರವೇ ಸಾಕು. ಹೆಸರಿಗಾಗಿ 1,600 ಹೆಚ್ಚು ತೆರುವುದು ಆಡಂಬರ. ಆದರೆ ದಿನಕ್ಕೆ ನಾಲ್ಕು ತಾಸು ಯಂತ್ರ ತಿರುಗಿಸುವ ಕಾಯಕದವನ ಲೆಕ್ಕ ಬೇರೆ. ಅಗ್ಗದ್ದು ವರ್ಷದಲ್ಲಿ ಎರಡು ಸಲ ಸುಟ್ಟು ಹೊಸದು ತಂದರೆ 2,800 ಆಯಿತು. ಮೇಲೆ ಅಥಣಿಗೆ ಹೋಗಿಬರುವ ಖರ್ಚು, ಕೆಟ್ಟುಹೋದ ದಿನದ ದುಡಿಮೆ, ಕಬ್ಬಿನ ಹಂಗಾಮಿನಲ್ಲಿ ತಪ್ಪಿದ ಮಾತು, ಇವನ್ನೂ ಕೂಡಿಸಬೇಕು. ಅಂಥವನಿಗೆ ಬಿಡಿಭಾಗ ಸಿಗುವ ಯಂತ್ರವೇ ಅಗ್ಗ. ಕಾರ್ಬನ್ ಸವೆಯುತ್ತದೆ, ಸ್ವಿಚ್ಚು ಕೆಡುತ್ತದೆ, ಬೇರಿಂಗು ಸದ್ದು ಮಾಡುತ್ತದೆ, ಆರ್ಮೇಚರ್ ಸುಡುತ್ತದೆ. ಈ ನಾಲ್ಕೂ ಹತ್ತಿರದ ಪೇಟೆಯಲ್ಲಿ ಸಿಗುತ್ತವೆಯೇ ಎಂದು ಕೇಳಿಯೇ ಹಣ ತೆಗೆಯಬೇಕು.

ಉಳಿತಾಯ ಸಲ್ಲದ ಸ್ಥಳ

ಬೆಲೆಯಲ್ಲಿ ಚೌಕಾಸಿ ಮಾಡಬಹುದು, ಪ್ರಾಣದಲ್ಲಿ ಮಾಡಲಾಗದು. 4 ಇಂಚಿನ ಗ್ರೈಂಡರು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಆಗ ಡಿಸ್ಕಿನ ಅಂಚು ಗಂಟೆಗೆ 200 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿರುತ್ತದೆ. 4 ಇಂಚಿನ ಕಬ್ಬಿಣ ಕೊಯ್ಯುವ ಡಿಸ್ಕಿಗೆ ಸುಮಾರು 15,000 ಸುತ್ತಿನ ಮಿತಿ ಇರುತ್ತದೆ. ಅದೇ 7 ಇಂಚಿನದಕ್ಕೆ ಸುಮಾರು 8,500 ಮಾತ್ರ. ಆಳಕ್ಕೆ ಕೊಯ್ಯಲೆಂದು ಗಾರ್ಡು ಬಿಚ್ಚಿ ಚಿಕ್ಕ ಯಂತ್ರಕ್ಕೆ ದೊಡ್ಡ ಡಿಸ್ಕು ಹಾಕಿದರೆ ಅದು ಚೂರಾಗಿ ಸಿಡಿಯಬಹುದು. ಯಂತ್ರವು ಎಷ್ಟೇ ಬೆಲೆಯದಾದರೂ ಆ ತಪ್ಪಿಗೆ ಕ್ಷಮೆಯಿಲ್ಲ. ಡಿಸ್ಕಿನ ನಡುವಿನ ಲೋಹದ ಉಂಗುರದ ಮೇಲೆ ಅವಧಿ ಮುಗಿಯುವ ತಿಂಗಳು, ವರ್ಷಗಳನ್ನು ಮುದ್ರಿಸಿರುತ್ತಾರೆ, ಅದನ್ನೂ ನೋಡಬೇಕು.

ಅಂಗಡಿಯಲ್ಲಿಯೇ ಯಂತ್ರವನ್ನು ಕೈಯಲ್ಲಿ ಹಿಡಿದು ಪರೀಕ್ಷಿಸಿರಿ. ಗಾರ್ಡು ಗಟ್ಟಿಯಾಗಿ ಕೂಡುತ್ತದೆಯೇ? ಪಕ್ಕದ ಹಿಡಿಕೆ ಇದೆಯೇ? ಸ್ವಿಚ್ಚು ಒತ್ತಿದೊಡನೆ ನಿಲ್ಲುತ್ತದೆಯೇ? ಒಂದು ಚೌಕದೊಳಗೆ ಇನ್ನೊಂದು ಚೌಕದ ಗುರುತಿದ್ದರೆ ಒಳಗೆ ಎರಡು ಪದರಿನ ವಿದ್ಯುತ್ ರಕ್ಷಣೆ ಇದೆಯೆಂದರ್ಥ. ಆದರೆ ಗುರುತನ್ನು ಯಾರಾದರೂ ಮುದ್ರಿಸಬಹುದಾದ್ದರಿಂದ, ಹೊಳೆದಂಡೆಯ ಹಸಿ ನೆಲದಲ್ಲಿ ಕೆಲಸ ಮಾಡುವವರು ಅಂಗಡಿಯ ಮೀಟರಿನ ಬಳಿ 30 ಮಿಲಿಆಂಪಿಯರಿನ ಇಎಲ್‌ಸಿಬಿ ಹಾಕಿಸುವುದು ಕ್ಷೇಮ.

ಕೊನೆಯದಾಗಿ, ಬಿಲ್ಲು. ಬಿಲ್ಲಿಲ್ಲದ ಮಾಲಿಗೆ ದೂರು ಕೊಡುವುದು ಕಷ್ಟ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದು. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. 1915 ಸಂಖ್ಯೆಗೆ ಫೋನ್ ಮಾಡಿಯೂ ಸಲಹೆ ಪಡೆಯಬಹುದು.

ಹೀಗೆ ವಿಚಾರಿಸಿ ಮನೆಗೆ ಅಗ್ಗದ ಯಂತ್ರವನ್ನೇ ಆರಿಸಿದ ತಂದೆಯನ್ನು ಮಗನು ಜಿಪುಣನೆನ್ನದಿರಲಿ. ಅಂಗಡಿ ಇಡುವ ಮಗನು ಬಾಳಿಕೆಯದನ್ನೇ ಕೇಳಿದರೆ ತಂದೆಯು ಅವನನ್ನು ದುಂದುಗಾರನೆನ್ನದಿರಲಿ. ಯಾವುದನ್ನೇ ಕೊಂಡರೂ ಕಣ್ಣಿಗೆ ಹಾಕುವ ಕನ್ನಡಕವೊಂದನ್ನು ಅದೇ ಬಿಲ್ಲಿನಲ್ಲಿ ಬರೆಸಿ ತರುವುದನ್ನು ಮರೆಯಬಾರದು. ಕಾಯಕ ಮಾಡುವವನ ಕಣ್ಣು, ಕೈಗಳಿಗೆ ಬದಲಿ ಬಿಡಿಭಾಗ ಯಾವ ಪೇಟೆಯಲ್ಲಿಯೂ ದೊರೆಯದು.