ಬೋರ್ನಿಯೊ ಕಾಡಿನಲ್ಲಿ ನಾಲ್ವರ ಗಸ್ತು

ಸಿಂಗಪುರದ ಧೋಬಿ ಘಾಟ್ ಎಂಆರ್‌ಟಿ ನಿಲ್ದಾಣದಿಂದ ಹೊರಬಂದರೆ ಆರ್ಚರ್ಡ್ ರಸ್ತೆಯಲ್ಲಿ ಕೆಂಪು ಇಟ್ಟಿಗೆಯ ಹಳೆಯ ಕಟ್ಟಡವೊಂದು ಕಾಣುತ್ತದೆ. ಹೆಸರು ಮ್ಯಾಕ್‌ಡೊನಾಲ್ಡ್ ಹೌಸ್. ಊರಿನಿಂದ ಬಂದ ಅಪ್ಪ-ಅಮ್ಮನಿಗೆ ಮಾಲ್‌ಗಳನ್ನು ತೋರಿಸಲು ಹೊರಟ ನಮ್ಮವರೆಲ್ಲ ಅದರ ಮುಂದೆಯೇ ಹಾದುಹೋಗುತ್ತಾರೆ. 1965ರ ಮಾರ್ಚ್ 10ರಂದು ಇಂಡೊನೇಷ್ಯಾದ ಮರೀನ್ ಯೋಧರು ಇಲ್ಲಿ ಇಟ್ಟ ಬಾಂಬ್ ಸಿಡಿದು ಮೂವರು ಸತ್ತರು, 33 ಮಂದಿ ಗಾಯಗೊಂಡರು.

ಮಲೇಷ್ಯಾ ಒಕ್ಕೂಟ ಹುಟ್ಟುವುದೇ ಬೇಡ ಎಂಬುದು ಇಂಡೊನೇಷ್ಯಾ ಅಧ್ಯಕ್ಷ ಸುಕರ್ಣೊ ಅವರ ಹಟವಾಗಿತ್ತು. ಆಗ ಸಿಂಗಪುರವೂ ಆ ಒಕ್ಕೂಟದಲ್ಲೇ ಇತ್ತು. ಊರೊಳಗೆ ಬಾಂಬ್ ಸಿಡಿಯುತ್ತಿದ್ದರೂ ನಿಜವಾದ ಯುದ್ಧ ನಡೆದದ್ದು ಸಮುದ್ರದಾಚೆಯ ಬೋರ್ನಿಯೊ ದ್ವೀಪದಲ್ಲಿ. ಅಲ್ಲಿನ ಗಡಿ ಸುಮಾರು 1,600 ಕಿಲೋಮೀಟರ್. ರಸ್ತೆಯಿಲ್ಲ, ಬೇಲಿಯಿಲ್ಲ, ಇದ್ದ ನಕ್ಷೆಯನ್ನೂ ನಂಬುವಂತಿರಲಿಲ್ಲ. ನಮ್ಮ ಆಗುಂಬೆ ಕಾಡನ್ನು ಬೆಂಗಳೂರಿನಿಂದ ಮುಂಬೈ ದಾಟುವವರೆಗೂ ಎಳೆದು ಹಾಸಿದಂತೆ ಎಂದುಕೊಳ್ಳಿ.

ಇಷ್ಟು ಉದ್ದದ ಗಡಿಗೆ ಕಾವಲು ಹಾಕುವಷ್ಟು ಸೈನ್ಯ ಬ್ರಿಟಿಷರ ಬಳಿ ಇರಲಿಲ್ಲ. ಗೂರ್ಖಾ ಪಡೆಯಲ್ಲಿ ಪಳಗಿದ್ದ ಸೇನಾಧಿಕಾರಿ ವಾಲ್ಟರ್ ವಾಕರ್ ಕಂಡುಕೊಂಡ ದಾರಿ ಎಂದರೆ ಎಸ್‌ಎಎಸ್ ಎಂಬ ವಿಶೇಷ ಪಡೆಯನ್ನು ನಾಲ್ಕು ನಾಲ್ಕು ಜನರಾಗಿ ಒಡೆದು ಕಾಡಿಗೆ ಬಿಡುವುದು. ಒಬ್ಬ ನಾಯಕ, ಒಬ್ಬ ರೇಡಿಯೊದವ, ಒಬ್ಬ ಔಷಧ ಬಲ್ಲವ, ಒಬ್ಬ ಸ್ಥಳೀಯರ ಭಾಷೆ ಬಲ್ಲವ. ಹೊಡೆದಾಡುವುದಕ್ಕಿಂತ ನೋಡುವುದು, ಕೇಳುವುದು, ರೇಡಿಯೊದಲ್ಲಿ ಸುದ್ದಿ ಮುಟ್ಟಿಸುವುದು ಅವರ ಕೆಲಸ. ಉದ್ದಮನೆಗಳಲ್ಲಿ ವಾಸಿಸುವ ಇಬಾನ್, ಕೆಲಾಬಿಟ್ ಮುಂತಾದ ಜನರ ಜೊತೆ ವಾರಗಟ್ಟಲೆ ಇದ್ದು, ಅವರ ಮಕ್ಕಳ ಜ್ವರಕ್ಕೆ ಔಷಧಿ ಕೊಟ್ಟು, ಹುಣ್ಣಿಗೆ ಪಟ್ಟಿ ಕಟ್ಟಿ, ಅವರದೇ ಊಟ ಉಂಡರು. ಗಡಿಯಾಚೆಯಿಂದ ಯಾರು ಬಂದರು, ಎಷ್ಟು ಜನ ಬಂದರು ಎಂಬ ಸುದ್ದಿ ಹಳ್ಳಿಯವರಿಂದಲೇ ಬರತೊಡಗಿತು. ಬಂದೂಕಿಗಿಂತ ಆ ಔಷಧಿ ಡಬ್ಬಿಯೇ ಹೆಚ್ಚು ಕೆಲಸ ಮಾಡಿತು ಎಂದು ನನಗನಿಸುತ್ತದೆ.

ಕಾಡಿನೊಳಗೆ ಹೊಕ್ಕರೆ ಬೇರೆಯದೇ ಬದುಕು. ಮಾತಿಲ್ಲ, ಎಲ್ಲವೂ ಕೈಸನ್ನೆ. ಸಾಬೂನು, ಸಿಗರೇಟು ಮುಟ್ಟುವಂತಿಲ್ಲ, ಏಕೆಂದರೆ ಒದ್ದೆ ಗಾಳಿಯಲ್ಲಿ ವಾಸನೆ ಬಹುದೂರ ಹೋಗುತ್ತದೆ. ನಾಲ್ಕು ಹೆಜ್ಜೆ ಇಟ್ಟು ನಿಂತು ಕಿವಿಗೊಡಬೇಕು. ಹೆಜ್ಜೆ ಗುರುತು ಉಳಿಯಬಾರದು, ಕೊಂಬೆ ಮುರಿಯಬಾರದು. ಮಲೆನಾಡಿನವರಿಗೆ ಇಂಬಳ ಹತ್ತಿದರೆ ಏನು ಮಾಡಬೇಕೆಂದು ಗೊತ್ತು. ಆದರೆ ಶತ್ರು ಹತ್ತಿರದಲ್ಲೇ ಇರುವಾಗ ಅದು ರಕ್ತ ಹೀರುತ್ತಿದ್ದರೂ ಅಲುಗಾಡದೆ ಕೂರುವುದು ಬೇರೆ ವಿದ್ಯೆ. ನಾಲ್ವರ ಮೇಲೆ ನಲವತ್ತು ಜನ ಬಿದ್ದರೆ ಗೆಲ್ಲುವ ಮಾತೇ ಇಲ್ಲ. ಆದ್ದರಿಂದ ಎದುರುಬದುರಾದರೆ ಗುಂಡು ಹಾರಿಸಿ ಕೂಡಲೇ ಚದುರಿ ಜಾರಿಕೊಳ್ಳಬೇಕು ಎಂಬುದು ನಿಯಮ.

ಆ ನಿಯಮ ಎಷ್ಟು ಕಠಿಣ ಎಂಬುದು 1965ರ ಫೆಬ್ರವರಿ ಕೊನೆಯಲ್ಲಿ ತಿಳಿಯಿತು. ಸಾರ್ಜೆಂಟ್ ಲಿಲಿಕೊ ಅವರ ತಂಡ ಇಂಡೊನೇಷ್ಯಾದವರು ಬಿಟ್ಟುಹೋಗಿದ್ದ ಹಳೆಯ ಶಿಬಿರವೊಂದನ್ನು ನೋಡಲು ಹೋದಾಗ ಹೊಂಚುದಾಳಿಗೆ ಸಿಕ್ಕಿತು. ಮುಂದೆ ನಡೆಯುತ್ತಿದ್ದ ಥಾಮ್ಸನ್ ಅವರ ತೊಡೆಯ ಮೂಳೆ ಪುಡಿಯಾಯಿತು. ಲಿಲಿಕೊ ಅವರಿಗೂ ಗುಂಡು ತಗುಲಿ ನಡೆಯಲಾಗದಂತಾಯಿತು. ಉಳಿದವರು ನಿಯಮದಂತೆ ಹಿಂದೆ ಸರಿದು ಸಹಾಯ ತರಲು ಹೋದರು. ಇಬ್ಬರೂ ಬೇರೆ ಬೇರೆಯಾಗಿ ತೆವಳಿದರು. ಮರುದಿನ ಲಿಲಿಕೊ ಅಡಗಿದ್ದ ಜಾಗದ ಸಮೀಪವೇ ಇಂಡೊನೇಷ್ಯಾ ಸೈನಿಕರು ಹುಡುಕಾಡುತ್ತಿದ್ದರು. ಮೇಲೆ ಹೆಲಿಕಾಪ್ಟರ್ ಸದ್ದು ಕೇಳುತ್ತಿತ್ತು. ಕೈಯಲ್ಲಿದ್ದ ಸಂಕೇತ ಯಂತ್ರದ ಗುಂಡಿ ಒತ್ತಿದ್ದರೆ ಅದು ಕೆಳಗಿಳಿಯುತ್ತಿತ್ತು. ತನಗಾಗಿ ಬಂದ ಹೆಲಿಕಾಪ್ಟರ್ ಶತ್ರುವಿನ ಗುಂಡಿಗೆ ಸಿಕ್ಕೀತು ಎಂದು ಅವರು ಒತ್ತಲಿಲ್ಲ. ಇನ್ನಷ್ಟು ದೂರ ತೆವಳಿ, ಸಂಜೆ ಒತ್ತಿದರು. ಇಬ್ಬರೂ ಬದುಕಿ ಬಂದರು.

1964ರಿಂದ ಇನ್ನೊಂದು ಗುಟ್ಟಿನ ಕಾರ್ಯಾಚರಣೆ ನಡೆಯಿತು, ಹೆಸರು ‘ಕ್ಲಾರೆಟ್’. ಗಡಿ ದಾಟಿ ಇಂಡೊನೇಷ್ಯಾದ ನೆಲದಲ್ಲೇ ಹೊಂಚು ಹಾಕುವುದು. ಎಸ್‌ಎಎಸ್ ಮುಂದೆ ಹೋಗಿ ದಾರಿ ನೋಡಿ ಬಂದರೆ, ಗೂರ್ಖಾ, ಬ್ರಿಟಿಷ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಪಡೆಗಳು ಹಿಂದಿನಿಂದ ಹೋಗುತ್ತಿದ್ದವು. ಪ್ರತಿಯೊಂದಕ್ಕೂ ವಾಕರ್ ಅವರದೇ ಒಪ್ಪಿಗೆ ಬೇಕು, ಮೊದಲೇ ತಾಲೀಮು ಆಗಿರಬೇಕು, ಜೀವಂತವಾಗಿಯಾಗಲಿ ಸತ್ತಾಗಲಿ ಒಬ್ಬನೂ ಶತ್ರುವಿನ ಕೈಗೆ ಸಿಗಬಾರದು. ಬಾಯಿ ಬಿಡುವುದಿಲ್ಲ ಎಂದು ಎಲ್ಲರಿಂದ ಪ್ರಮಾಣ.

ಲೆಕ್ಕಪತ್ರ ನೋಡುವ ನನ್ನಂಥವನಿಗೆ ಇಲ್ಲಿ ಕಣ್ಣಿಗೆ ಬೀಳುವುದು ಸ್ಥಳದ ಕಾಲಂ. ಗಡಿಯಾಚೆ ಸತ್ತವರನ್ನೂ ಗಡಿಯೊಳಗೇ ಸತ್ತರೆಂದು ಬರೆಯಲಾಯಿತು. 1965ರ ನವೆಂಬರ್ 21ರಂದು ಗೂರ್ಖಾ ಲ್ಯಾನ್ಸ್ ಕಾರ್ಪೊರಲ್ ರಾಮಬಹಾದುರ್ ಲಿಂಬು ಗುಂಡಿನ ಮಳೆಯಲ್ಲಿ ಗಾಯಾಳು ಸಂಗಾತಿಗಳಿಬ್ಬರನ್ನು ಒಬ್ಬೊಬ್ಬರಾಗಿ ಹೊತ್ತು ತಂದು ವಿಕ್ಟೋರಿಯಾ ಕ್ರಾಸ್ ಪಡೆದರು. ಕಾಳಗ ನಡೆದದ್ದು ಇಂಡೊನೇಷ್ಯಾದಲ್ಲಿ. ಪ್ರಶಸ್ತಿ ಪತ್ರದಲ್ಲಿರುವುದು ಸರವಾಕ್. ಮಗ ಎಲ್ಲಿದ್ದ ಎಂಬುದು ಮನೆಯವರಿಗೆ ತಿಳಿಯದೇ ಉಳಿದದ್ದು ಗುಟ್ಟನ್ನು ಉಳಿಸಿಕೊಳ್ಳಲು ತೆತ್ತ ಬೆಲೆ. ದೊಡ್ಡ ಯುದ್ಧಕ್ಕೆ ತಿರುಗದಂತೆ ತಡೆಯಲು ಆ ಗುಟ್ಟು ಬೇಕಿತ್ತು ಎಂದು ಸೇನೆಯವರ ವಾದ. ಇರಬಹುದು. ಆದರೆ ತಾಯಿಗೆ ಸುಳ್ಳು ಹೇಳಿದ್ದನ್ನು ಒಪ್ಪಲು ನನಗೆ ಕಷ್ಟ.

1966ರ ಆಗಸ್ಟ್ 11ರಂದು ಶಾಂತಿ ಒಪ್ಪಂದವಾಯಿತು. ಬಾಂಬ್ ಇಟ್ಟ ಇಬ್ಬರನ್ನು ಸಿಂಗಪುರ 1968ರಲ್ಲಿ ಗಲ್ಲಿಗೇರಿಸಿತು. 1973ರಲ್ಲಿ ಜಕಾರ್ತಕ್ಕೆ ಹೋದ ಪ್ರಧಾನಿ ಲೀ ಕುವಾನ್ ಯೂ ಆ ಇಬ್ಬರ ಸಮಾಧಿಯ ಮೇಲೆ ಹೂವು ಚೆಲ್ಲಿ ಬಂದರು.

ಇಷ್ಟೆಲ್ಲ ನಮಗೇಕೆ ಎಂದರೆ, ಆ ಕಾಡು ಈಗಲೂ ನಮ್ಮ ಕನ್ನಡಿಗರ ಮನೆಗಳಿಗೆ ಬರುತ್ತದೆ. ತಂದೆ-ತಾಯಿಯ ಜೊತೆ ಸಿಂಗಪುರದ ಪಿಆರ್ ಪಡೆದ ಗಂಡುಮಕ್ಕಳು ಎರಡು ವರ್ಷ ರಾಷ್ಟ್ರೀಯ ಸೇವೆ ಮಾಡಲೇಬೇಕು. ಅರ್ಜಿ ಹಾಕುವಾಗ ಶಾಲೆಯ ಫೀಸು, ಮನೆ ಕೊಳ್ಳುವುದು ಇವುಗಳ ಲೆಕ್ಕ ಹಾಕುವ ಹೆತ್ತವರು ಇದನ್ನೂ ಆಗಲೇ ಕೂಡಿಸಿಕೊಳ್ಳಬೇಕು. ಸೇವೆ ಮಾಡದೆ ಪಿಆರ್ ಬಿಟ್ಟುಕೊಟ್ಟರೆ ಮುಂದೆ ಮಗ ಇಲ್ಲಿ ಓದಲು, ದುಡಿಯಲು ಹಾಕುವ ಅರ್ಜಿಗೆ ಅಡ್ಡಿಯಾಗಬಹುದು. ಅಧಿಕಾರಿ ತರಬೇತಿಗೆ ಆಯ್ಕೆಯಾದ ಹುಡುಗರನ್ನು ಬ್ರೂನೈ ಕಾಡಿಗೆ ಕಳಿಸುತ್ತಾರೆ. ಅದು ಅದೇ ಬೋರ್ನಿಯೊ ದ್ವೀಪ. ಅಲ್ಲಿ ಮೊಬೈಲ್ ಇಲ್ಲ, ಊಟ ಕಡಿಮೆ, ದಿಕ್ಸೂಚಿ ಹಿಡಿದು ಗುಡ್ಡ ಹತ್ತಬೇಕು. ಹುಬ್ಬಳ್ಳಿಯಿಂದ ಅಜ್ಜಿ ಫೋನು ಮಾಡಿ ಮೊಮ್ಮಗ ಎಲ್ಲಿ ಎಂದು ಕೇಳಿದರೆ, ಈಗ ಮನೆಯವರು ಊರಿನ ಹೆಸರು ಹೇಳಬಹುದು.