ಸುಕ್ಕನ್ನು ಅಳೆಯುವುದು ಹೇಗೆ? ನಿಯಂತ್ರಿತ ಪ್ರಯೋಗ ಕಲಿಸಲು ಒಂದು ಉದಾಹರಣೆ

‘ನಿಯಂತ್ರಿತ ಪ್ರಯೋಗ’ವನ್ನು ಬೋಧಿಸುವಾಗ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಆರಿಸುವುದು ಎರಡು ಕುಂಡಗಳ ಸಸಿಗಳನ್ನು: ಒಂದು ಬೆಳಕಿನಲ್ಲಿ, ಇನ್ನೊಂದು ಕತ್ತಲೆಯಲ್ಲಿ. ಉದಾಹರಣೆ ಸರಿಯೇ. ಆದರೆ ಉತ್ತರ ಮಕ್ಕಳಿಗೆ ಮೊದಲೇ ಗೊತ್ತಿರುವುದರಿಂದ, ಎರಡನೆಯ ಕುಂಡ ಏಕೆ ಬೇಕೆಂಬ ಪ್ರಶ್ನೆಯೇ ಏಳುವುದಿಲ್ಲ. ಜಾಹೀರಾತುಗಳಲ್ಲಿ ಬರುವ ‘ಹಚ್ಚುವ ಮೊದಲು, ಹಚ್ಚಿದ ನಂತರ’ ಚಿತ್ರಗಳು ಈ ಪ್ರಶ್ನೆಯನ್ನು ಎಬ್ಬಿಸುತ್ತವೆ. ಅವುಗಳನ್ನು ನಂಬಿ ಹಣ ಖರ್ಚು ಮಾಡುವವರಲ್ಲಿ ಪ್ರೌಢಶಾಲೆಯ ಮಕ್ಕಳೂ ಇದ್ದಾರೆ.

ಚರ್ಮದ ಒಳಪದರದಲ್ಲಿ ಕೊಲ್ಯಾಜನ್, ಎಲಾಸ್ಟಿನ್ ಎಂಬ ನಾರಿನಂಥ ಪ್ರೋಟೀನುಗಳಿವೆ. ವಯಸ್ಸಿನಿಂದಲೂ ಬಿಸಿಲಿನ ಅತಿನೇರಳೆ ಕಿರಣಗಳಿಂದಲೂ ಇವು ಹಾಳಾದಾಗ ಸುಕ್ಕು ಮೂಡುತ್ತದೆ. ಇದನ್ನು ಅಳೆಯಲು ಹಲವು ವಿಧಾನಗಳಿವೆ. ಒಂದೇ ಬೆಳಕು, ಒಂದೇ ಕೋನದಲ್ಲಿ ತೆಗೆದ ಛಾಯಾಚಿತ್ರಗಳಿಗೆ ತಜ್ಞರು ಅಂಕ ಕೊಡುವುದು ಒಂದು. ಸಿಲಿಕೋನ್‌ನಿಂದ ಚರ್ಮದ ಅಚ್ಚು ತೆಗೆದು, ಅದಕ್ಕೆ ಪಕ್ಕದಿಂದ ಬೆಳಕು ಬಿಟ್ಟು, ಬೀಳುವ ನೆರಳಿನಿಂದ ಸುಕ್ಕಿನ ಆಳವನ್ನು ಲೆಕ್ಕ ಹಾಕುವುದು ಇನ್ನೊಂದು. ಚರ್ಮವನ್ನು ಮೆಲ್ಲಗೆ ಹೀರಿ ಬಿಟ್ಟು, ಅದು ಎಷ್ಟು ಬೇಗ ಹಿಂದಿನ ಸ್ಥಿತಿಗೆ ಬರುತ್ತದೆಂದು ನೋಡುವ ಉಪಕರಣವೂ ಇದೆ. ಚರ್ಮದ ಚಿಕ್ಕ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದು ಮತ್ತೊಂದು ವಿಧಾನ.

ಅಳತೆಯೊಂದೇ ಸಾಲದು. ಯಾವುದೇ ಸಾಧಾರಣ ಕ್ರೀಮ್ ಹಚ್ಚಿದರೂ ಚರ್ಮದ ಮೇಲ್ಪದರ ನೀರು ಹಿಡಿದು ಉಬ್ಬುತ್ತದೆ. ಸಣ್ಣ ಗೆರೆಗಳು ಕೆಲವು ಗಂಟೆ ಕಾಣಿಸುವುದಿಲ್ಲ. ಹಾಗಾದರೆ ಪರಿಣಾಮ ಔಷಧದ್ದೋ, ಬರೀ ಕ್ರೀಮಿನದ್ದೋ?

ಟ್ರೆಟಿನಾಯಿನ್ ಎಂಬ ಎ ಜೀವಸತ್ವದ ರೂಪದ ಮೇಲೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ನಡೆದು 1988ರಲ್ಲಿ ಪ್ರಕಟವಾದ ಪ್ರಯೋಗ ಈ ಪ್ರಶ್ನೆಯನ್ನು ಎದುರಿಸಿದ ರೀತಿ ಪಾಠಕ್ಕೆ ಯೋಗ್ಯ. 30 ಜನರು 16 ವಾರಗಳ ಕಾಲ ಒಂದು ಮುಂಗೈಗೆ ಔಷಧವಿದ್ದ ಕ್ರೀಮನ್ನೂ ಇನ್ನೊಂದಕ್ಕೆ ಔಷಧವಿಲ್ಲದ ಅದೇ ಕ್ರೀಮನ್ನೂ ಹಚ್ಚಿಕೊಂಡರು. ವಯಸ್ಸು, ಆಹಾರ, ಅನುವಂಶೀಯತೆ ಎರಡೂ ಕೈಗಳಿಗೆ ಒಂದೇ. ಬದಲಾದ ಚರ ಔಷಧ ಮಾತ್ರ. ಯಾವ ಕೈಗೆ ಯಾವುದೆಂದು ಹಚ್ಚಿಕೊಂಡವರಿಗಾಗಲಿ ಪರೀಕ್ಷಿಸುವವರಿಗಾಗಲಿ ತಿಳಿಸಿರಲಿಲ್ಲ. ಔಷಧ ಹಚ್ಚಿದ ಕೈಗಳಲ್ಲಿ ಸುಧಾರಣೆ ಕಂಡಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1995ರಲ್ಲಿ ಸಣ್ಣ ಸುಕ್ಕುಗಳಿಗೆ ಇಂಥ ಕ್ರೀಮನ್ನು ಒಪ್ಪಿತು.

ಪಾಠ ಇಲ್ಲಿಗೆ ಮುಗಿಯಬಾರದು. ಔಷಧ ಹಚ್ಚಿದವರಲ್ಲಿ ಹೆಚ್ಚಿನವರ ಚರ್ಮ ಕೆಂಪಾಗಿ ಉರಿಯಿತು. ಹಾಗಿದ್ದರೆ ಗುಟ್ಟು ಉಳಿಯಿತೇ? ಉರಿಯಿಂದಾದ ಬಾವೇ ಸುಕ್ಕನ್ನು ಮರೆಮಾಡಿರಬಹುದೇ? ಸೂಕ್ಷ್ಮದರ್ಶಕದ ಪರೀಕ್ಷೆ ಏಕೆ ಬೇಕಾಗುತ್ತದೆ? ಉತ್ತರ ಹೇಳಿಬಿಡದೆ ತರಗತಿಯನ್ನು ಗುಂಪುಗಳಾಗಿ ಮಾಡಿ ಚರ್ಚೆಗೆ ಬಿಡಬೇಕು.

ಚಟುವಟಿಕೆಗೆ ಜೇಡಿಮಣ್ಣು ಅಥವಾ ಕ್ಲೇ, ಒಂದು ಟಾರ್ಚ್ ಸಾಕು. ಬೆರಳಿನ ಗೆಣ್ಣಿನ ಅಚ್ಚನ್ನು ಕ್ಲೇಯಲ್ಲಿ ಒತ್ತಿ, ಕೊಠಡಿಯನ್ನು ಕತ್ತಲೆ ಮಾಡಿ, ಮೊದಲು ಮೇಲಿನಿಂದ, ಆಮೇಲೆ ಪಕ್ಕದಿಂದ ಬೆಳಕು ಬಿಡಲಿ. ಮೇಲಿನ ಬೆಳಕಿನಲ್ಲಿ ಮಾಸಿದ ಗೆರೆಗಳು ಪಕ್ಕದ ಬೆಳಕಿನಲ್ಲಿ ಎದ್ದು ಕಾಣುತ್ತವೆ. ಅಚ್ಚು ಬದಲಾಗಿಲ್ಲ, ಬೆಳಕು ಬದಲಾಗಿದೆ ಅಷ್ಟೆ. ಜಾಹೀರಾತಿನ ಎರಡು ಚಿತ್ರಗಳನ್ನು ಹೇಗೆ ನೋಡಬೇಕೆಂದು ಮಕ್ಕಳು ಇಲ್ಲಿ ತಾವೇ ಕಂಡುಕೊಳ್ಳುತ್ತಾರೆ.

ಎರಡು ಎಚ್ಚರಿಕೆಗಳು: ಮಕ್ಕಳ ಚರ್ಮದ ಮೇಲೆ ಯಾವ ಕ್ರೀಮನ್ನೂ ಪ್ರಯೋಗಿಸಬಾರದು, ಟ್ರೆಟಿನಾಯಿನ್ ವೈದ್ಯರ ಚೀಟಿಯ ಮೇಲೆ ಬಳಸಬೇಕಾದ ಔಷಧ. ಯಾರ ಮುಖವನ್ನೂ ಬಣ್ಣವನ್ನೂ ಉದಾಹರಣೆಯಾಗಿ ತೋರಿಸಬಾರದು.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಸಾಕು: ‘ನೂರು ಜನ ಹಚ್ಚಿದರು, ತೊಂಬತ್ತು ಜನರಿಗೆ ಗುಣವಾಯಿತು’ ಎಂದು ಜಾಹೀರಾತು ಹೇಳಿದರೆ, ನೀವು ಮೊದಲು ಏನನ್ನು ಕೇಳುತ್ತೀರಿ? ‘ಹಚ್ಚದವರ ಗತಿ ಏನಾಯಿತು?’ ಎಂದು ವಿದ್ಯಾರ್ಥಿ ಕೇಳಿದರೆ ಪಾಠದ ಉದ್ದೇಶ ಈಡೇರಿದಂತೆ.